ಗುರುಗಳ ಬಲಗಾಲು

ಜನವರಿ 9

ಮಗಳೇ,

ನಾನಿಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಶುರು ಮಾಡಿ ಎರಡು ಹಾಳೆ ಹರಿದು ಹಾಕಿದೆ. ಕ್ಷೇಮವಿಲ್ಲದಾಗ ಆ ಮಾತು ಕೈಗೆ ಬರುವುದಿಲ್ಲ. ಫೋನು ಮಾಡಬಹುದಿತ್ತು. ಆದರೆ ಗುರುಗಳ ಮಾತೆತ್ತಿದರೆ ನಾವಿಬ್ಬರೂ ಫೋನಿನಲ್ಲಿ ಮೂರನೆಯ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಕಾಗದವಾದರೆ ನೀನು ಸಿಟ್ಟಿನಲ್ಲಿ ಮಡಚಿಟ್ಟರೂ ಆಮೇಲೆ ತೆಗೆದು ಓದುತ್ತೀಯ.

ಗುರುಗಳ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಬಿಟ್ಟರು. ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಕೆಳಗೆ ಒಂದು ಹುಣ್ಣಾಗಿತ್ತು, ಅವರು ಯಾರಿಗೂ ಹೇಳಲಿಲ್ಲ. ದಿನಾ ಆ ಪಾದ ಮುಟ್ಟಿ ನಮಸ್ಕಾರ ಮಾಡುತ್ತಿದ್ದ ನಮಗೆ ಯಾರಿಗೂ ಅದು ಕಾಣಲಿಲ್ಲ. ಕಣ್ಣು ಮುಚ್ಚಿಕೊಂಡು ನಮಸ್ಕಾರ ಮಾಡುತ್ತಿದ್ದೆವಲ್ಲ! ನಮ್ಮ ನರ್ಸಮ್ಮ, ಆಸ್ಪತ್ರೆಯಲ್ಲಿ ಜೀವಮಾನ ಕಳೆದವರು, ಅದನ್ನೇ ಹೇಳಿಕೊಂಡು ಹಣೆ ಚಚ್ಚಿಕೊಂಡು ಅತ್ತರು.

ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬೆಳಗಿನ ಗೀತೆಯ ಪಾಠ ನಿಂತಿಲ್ಲ. ಅವರು ಒಂದು ಸಲ ಹೇಳುತ್ತಾರೆ, ನಾವು ಎರಡು ಸಲ ಹೇಳುತ್ತೇವೆ. ದನಿ ಹಾಗೇ ಇದೆ. ಆದರೆ ಪಾಠ ಮುಗಿದ ಮೇಲೆ ಸುಮ್ಮನೆ ಕಿಟಕಿ ನೋಡುತ್ತ ಕೂರುತ್ತಾರೆ. ಯಾರು ಪಾಠಕ್ಕೆ ಬರಲಿಲ್ಲವೋ ಅವರ ಮನೆಗೆ ಅವತ್ತೇ ನಡೆದು ಹೋಗುವುದು ಅವರ ಪದ್ಧತಿ. ಅವರ ಗುರುಗಳೂ ಹೋಗುತ್ತಿದ್ದರಂತೆ, ಆ ಗುರುಗಳ ಗುರುಗಳೂ ಹೋಗುತ್ತಿದ್ದರಂತೆ. ನಮ್ಮ ಜೊತೆ ಪಾಠಕ್ಕೆ ಬರುವ ಬಸ್ ಡ್ರೈವರ್ ‘ನಾನೇ ಗಾಡೀಲಿ ಕರ್ಕೊಂಡು ಹೋಗ್ತೀನಿ’ ಅಂದ. ‘ಕೇಳೋಕೆ ಬರೋನು ನಡ್ಕೊಂಡು ಬರ್ತಾನೆ, ಹೇಳೋಕೆ ಹೋಗೋನೂ ನಡ್ಕೊಂಡೇ ಹೋಗ್ಬೇಕಪ್ಪ’ ಅಂದರು.

ನೀನು ಕಾಲು ಕಳೆದುಕೊಂಡವರಿಗೆ ಕಾಲು ಮಾಡಿಕೊಡುವವಳು. ಇದಕ್ಕಿಂತ ಹೆಚ್ಚು ಹೇಗೆ ಕೇಳಬೇಕೋ ನನಗೆ ಗೊತ್ತಿಲ್ಲ.

ನಿನ್ನ
ಅಪ್ಪ

ಜನವರಿ 24

ಅಪ್ಪಾ,

ಹಾಳೆಯ ಎರಡೂ ಬದಿಯಲ್ಲಿ ಗುರುಗಳೇ ತುಂಬಿದ್ದಾರೆ. ನಿನ್ನ ಕಣ್ಣು ಹೇಗಿದೆ, ಈಗಲೂ ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯುತ್ತೀಯಾ, ಒಂದು ಗೆರೆಯೂ ಇಲ್ಲ.

ಅಮ್ಮ ಹೋದಾಗ ನಿನ್ನ ಗುರುಗಳು ದಿನಾ ನಡೆದು ಬಂದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ನೀರು ಕುಡಿದರು, ಎದ್ದು ಹೋದರು. ಒಂದು ದಿನವೂ ಬಾಯಿ ಬಿಡಲಿಲ್ಲ. ನನಗಾಗ ಹತ್ತೊಂಬತ್ತು. ಇಡೀ ಗೀತೆ ಬಾಯಿಗೆ ಬರುವವರು, ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಎದುರಿಗೆ ಕೂತು ಕಾದೆ. ನನಗಾಗಿ ಅವರಿಗೆ ಒಂದು ಮಾತು ಸಿಗಲಿಲ್ಲ. ಆಮೇಲೆ ನಾನು ಪಾಠದ ಕೋಣೆಯ ಮೆಟ್ಟಿಲು ಹತ್ತಲಿಲ್ಲ. ಈಗಲೂ ಹತ್ತುವುದಿಲ್ಲ.

ಆದರೆ ಕಾಲು ಕಾಲೇ. ಕಾಲು ಮಾಡುವ ಮುಂಚೆ ನಾನು ಯಾರ ಗುಣವನ್ನೂ ವಿಚಾರಿಸುವುದಿಲ್ಲ. ಬಲಗಾಲಿನಲ್ಲಿ ಉಳಿದ ಭಾಗದ ಪ್ಲಾಸ್ಟರ್ ಅಚ್ಚು ಬೇಕು. ಹೇಗೆ ತೆಗೆಯಬೇಕೆಂದು ಚಿತ್ರ ಬರೆದು ಇಟ್ಟಿದ್ದೇನೆ, ನರ್ಸಮ್ಮನಿಗೆ ಕೊಡು. ಗಾಯ ಪೂರ್ತಿ ಒಣಗಿರಬೇಕು. ಎಡಗಾಲಿನ ಅಳತೆ ನೀನೇ ತೆಗೆ. ಊರಿಗೆಲ್ಲ ಅಂಗಿ ಹೊಲಿದವನು, ಇಷ್ಟು ಬಾರದೇ ಇರುತ್ತದೆಯೇ?

ಮಗಳು

ಫೆಬ್ರವರಿ 27

ಮಗಳೇ,

ಅಚ್ಚು ಪಾರ್ಸೆಲ್‌ನಲ್ಲಿದೆ. ನರ್ಸಮ್ಮ ನೀನು ಬರೆದ ಹಾಗೇ ಮಾಡಿದ್ದಾರೆ. ಒಡೆಯದಂತೆ ನನ್ನ ಅಂಗಡಿಯ ಚಿಂದಿಯನ್ನೆಲ್ಲ ಸುತ್ತಿದ್ದೇನೆ.

ಅಳತೆ ತೆಗೆಯುವುದು ನೀನು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಎಂಥೆಂಥ ದೊಡ್ಡ ಮನುಷ್ಯರಿಗೆ ಟೇಪು ಸುತ್ತಿದ ಕೈ ಇದು, ಗುರುಗಳ ಕಾಲಿಗೆ ಮುಟ್ಟಿಯೂ ಮುಟ್ಟದ ಹಾಗೆ ಸುತ್ತಿತು. ‘ಗಟ್ಟಿಯಾಗಿ ಹಿಡಿಯಪ್ಪ. ಪ್ಯಾಂಟು ದೊಗಲೆಯಾದ್ರೆ ಬೆಲ್ಟು ಕಟ್ಕೋಬಹುದು, ಕಾಲು ದೊಗಲೆಯಾದ್ರೆ ಬೀಳ್ತೀನಿ’ ಅಂದರು. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ.

‘ಮಗಳು ಬರೋದಿಲ್ವಾ?’ ಎಂದು ಕೇಳಿದರು. ನಿನಗೆ ಕೈತುಂಬ ಕೆಲಸ ಅಂದೆ. ‘ಹೌದಾ’ ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಸಲ ‘ಹೌದಾ’ ಅಂದರು.

ಸೂಜಿಗೆ ದಾರ ಪೋಣಿಸುವುದು ಈಗ ಪಕ್ಕದ ಮನೆಯವರ ಸೊಸೆ. ಅತ್ತೆಗಿಂತ ಬೇಗ ಪೋಣಿಸುತ್ತಾಳೆ.

ಅಪ್ಪ

ಏಪ್ರಿಲ್ 4

ಅಪ್ಪಾ,

ಕಾಲು ಕಳಿಸಿದ್ದೇನೆ. ಮೊದಲ ವಾರ ದಿನಕ್ಕೆ ಸ್ವಲ್ಪ ಹೊತ್ತು ಹಾಕಿಕೊಳ್ಳಲಿ, ಗೋಡೆ ಹಿಡಿದು ನಿಲ್ಲಲಿ. ಆಮೇಲೆ ಕೋಣೆಯೊಳಗೆ, ಆಮೇಲೆ ಮೆಟ್ಟಿಲು, ಆಮೇಲೆ ಬೀದಿ. ಚರ್ಮ ಕೆಂಪಾದರೆ ನರ್ಸಮ್ಮ ನೋಡಲಿ. ಪಾದ ರಬ್ಬರಿನದು, ನೀರಿಗೂ ಕೆಸರಿಗೂ ಹೆದರಬೇಕಾಗಿಲ್ಲ. ಬಣ್ಣವನ್ನು ನೆನಪಿನ ಮೇಲೆ ಹಾಕಿದ್ದೇನೆ. ಇನ್ನೊಂದು ಪಾದಕ್ಕೆ ಹೊಂದದಿದ್ದರೆ ಕಾಲುಚೀಲ ಹಾಕಿಕೊಳ್ಳಲಿ.

ಮಗಳು

ಏಪ್ರಿಲ್ 29

ಮಗಳೇ,

ನಿನಗೆ ಹೇಗೆ ಹೇಳಲಿ! ಬಣ್ಣ ಎಷ್ಟು ಹೊಂದಿದೆ ಎಂದರೆ ಪೆಟ್ಟಿಗೆ ತೆರೆದ ಕೂಡಲೇ ನರ್ಸಮ್ಮ ಕೈ ಮುಗಿದುಬಿಟ್ಟರು. ಬೆರಳುಗಳ ಗೆರೆ ಕೂಡ ಬಿಟ್ಟಿಲ್ಲ ನೀನು. ಗುರುಗಳು ಅದನ್ನು ಹಾಕಿಕೊಂಡು ಗೋಡೆ ಹಿಡಿದು ಎದ್ದು ನಿಂತಾಗ ನಾವೆಲ್ಲ ಸಾಲಾಗಿ ಬಿದ್ದು ನಮಸ್ಕಾರ ಮಾಡಿದೆವು. ಡ್ರೈವರ್ ‘ಗುರುರ್ಬ್ರಹ್ಮಾ’ ಎಂದು ಎತ್ತಿದ ದನಿಗೆ ಕೆಳಗೆ ಇಸ್ತ್ರಿ ಮಾಡುವವರು ಏನಾಯಿತೋ ಎಂದು ಮೇಲೆ ಓಡಿಬಂದರು. ಅವನನ್ನು ನಾವು ಮೈಕಾಸುರ ಎಂದು ಕರೆಯುವುದು ಸುಮ್ಮನೆ ಅಲ್ಲ.

ಗುರುಗಳ ದೇಹಕ್ಕೆ ಸೇರಿದ ಮೇಲೆ ಅದು ಬರೀ ರಬ್ಬರು ಹೇಗಾಗುತ್ತದೆ? ನಾವೆಲ್ಲ ಮಾತಾಡಿಕೊಂಡು ಅದಕ್ಕೊಂದು ಮರದ ಪೀಠ ಮಾಡಿಸಿದೆವು. ನಾನು ರೇಷ್ಮೆಯ ಹೊದಿಕೆ ಹೊಲಿದೆ. ಗುರುಗಳ ಗುರುಗಳ ಪಾದುಕೆಗಳ ಪಕ್ಕದಲ್ಲೇ ಇಟ್ಟಿದ್ದೇವೆ. ಬೆಳಗ್ಗೆ ಮೊದಲು ಅಲ್ಲಿ ಹೂವು, ದೀಪ, ಆಮೇಲೆ ಪಾಠ. ಹೊರಗಿನ ಕೊಳಕಿನಲ್ಲಿ ಅದನ್ನು ಊರುವುದೆಂದರೆ ನಮ್ಮ ಎದೆಯ ಮೇಲೆ ಊರಿದ ಹಾಗೆ. ಅವರೇಕೆ ನಡೆಯಬೇಕು, ನಾವಿದ್ದೇವಲ್ಲ.

ಮೊನ್ನೆ ‘ಅದನ್ನ ಈ ಕಡೆ ಕೊಡ್ರಪ್ಪಾ’ ಅಂದರು. ಮೈಕಾಸುರ ಕಣ್ಣೊರೆಸಿಕೊಂಡು ‘ಗುರುಗಳ ವಿನಯ ನೋಡಿ’ ಅಂದ. ನಿನ್ನೆಯೂ ಕೇಳಿದರು. ಇವತ್ತು ಕೇಳಲಿಲ್ಲ.

ನಿನ್ನ ಕೈಕೆಲಸಕ್ಕೆ ಇಂಥ ಭಾಗ್ಯ ಬಂತಲ್ಲ, ನಿನ್ನ ಅಮ್ಮ ಇರಬೇಕಿತ್ತು.

ಅಪ್ಪ

ಮೇ 4

ಅಪ್ಪಾ,

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಕೇಳಿದ್ದೆ. ಗುರುಗಳಿಗೇ ಕಾಲು ಕೊಡದ ಶಿಷ್ಯರನ್ನು ಇದೇ ಮೊದಲು ನೋಡುತ್ತಿರುವುದು.

ಕಾಲು ಹಾಕಿಕೊಳ್ಳದೆ ಕೂತರೆ ಕತ್ತರಿಸಿ ಉಳಿದ ಕಾಲಿನ ಆಕಾರ ಬದಲಾಗುತ್ತದೆ. ಮೊಣಕಾಲು ಮಡಚಿದ್ದು ಮಡಚಿದ ಹಾಗೇ ಬಿಗಿಯುತ್ತದೆ. ಆಮೇಲೆ ನಾನಲ್ಲ, ಯಾರು ಮಾಡಿದ ಕಾಲೂ ಕೂರುವುದಿಲ್ಲ. ಅವರು ಬಾಯಿ ಬಿಟ್ಟು ಕೇಳಿದ್ದಾರೆ. ಅದನ್ನು ವಿನಯ ಎಂದು ಹೊಗಳಿ ಪೀಠದ ಮುಂದೆ ಕೂತು ಹಾಡುತ್ತಿದ್ದೀರಿ. ಅವರ ಮಾತು ಎರಡೆರಡು ಸಲ ಹೇಳುತ್ತೀರಲ್ಲ, ಒಂದು ಸಲವಾದರೂ ಕೇಳಿಸಿಕೊಂಡಿದ್ದೀರಾ?

ಭಾನುವಾರ ಬರುತ್ತೇನೆ. ಯಾರೂ ಅಡ್ಡ ಬರಬೇಡಿ.

ಮಗಳು

ಮೇ 22

ಅಪ್ಪಾ,

ಕ್ಷೇಮವಾಗಿ ಬಂದು ಸೇರಿದೆ. ಅವತ್ತು ನಾನು ಪೀಠದಿಂದ ಕಾಲು ತೆಗೆದು ಹೂವು ಕೊಡವಿದಾಗ ಮೈಕಾಸುರನ ದನಿಯೇ ಅಡಗಿಹೋಗಿತ್ತು, ಪಾಪ. ಆಮೇಲೆ ಅಯ್ಯೋ ಅನ್ನಿಸಿತು. ಅವರಿಗೆ ಹೇಳು.

ನಿಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಾಗ ಒಳಗೆ ಏನಾಯಿತೆಂದು ನೀನು ಕೇಳಲಿಲ್ಲ. ಬಸ್ಸಿಗೆ ಹತ್ತಿಸುವಾಗಲೂ ಕೇಳಲಿಲ್ಲ. ಕೇಳುವ ಹಾಗೆ ನನ್ನ ಮುಖ ಇರಲಿಲ್ಲವೇನೋ.

ಮೊಣಕಾಲು ಆಗಲೇ ಸ್ವಲ್ಪ ಬಿಗಿದಿತ್ತು. ನಾನು ನೆಲಕ್ಕೆ ಕೂತು ಮೆತ್ತಗೆ ನೀವುತ್ತ ಬಿಡಿಸಿದೆ. ಅವರಿಗೆ ನೋವಾಗುತ್ತಿತ್ತು, ಹೇಳಲಿಲ್ಲ. ನನಗೆ ಆ ಮೌನ ತಡೆಯಲಾಗಲಿಲ್ಲ. ‘ಅವಾಗ್ಲೂ ಹೀಗೇ ಸುಮ್ನೆ ಕೂತಿದ್ರಿ, ನಮ್ಮಮ್ಮ ಹೋದಾಗ’ ಅಂದುಬಿಟ್ಟೆ. ಅವರು ನನ್ನ ಮುಖ ನೋಡಿದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

‘ಹೇಳೋಕೆ ಶ್ಲೋಕ ಇತ್ತಮ್ಮ. ನಿನ್ನ ಮುಖ ನೋಡಿದ್ರೆ ಶ್ಲೋಕ ಹೇಳೋದು ತಪ್ಪು ಅನ್ನಿಸ್ತು. ನನ್ನದು ಅಂತ ಹೇಳೋಕೆ ನನ್ಹತ್ರ ಏನೂ ಇರ್ಲಿಲ್ಲ. ಬರ್ದೇ ಇರೋದೂ ತಪ್ಪು ಅನ್ನಿಸ್ತು. ಅದಕ್ಕೇ ಬಂದು ಕೂತೆ.’

ಹೊಸ ಕಾಲಿನ ಸ್ಕ್ರೂ ಸಡಿಲವಾಗಿತ್ತು, ಬಿಗಿ ಮಾಡಿದೆ. ಬಾಗಿಲ ಸಂದಿಯಿಂದ ನೀನು ಇಣುಕಿದ್ದರೆ ಒಂದು ಮಾತು. ನಾನು ಮಂಡಿಯೂರಿದ್ದು ಕೆಲಸಕ್ಕೆ, ನಮಸ್ಕಾರಕ್ಕಲ್ಲ. ಸುಮ್ಮನೆ ನಾಲ್ಕು ಜನಕ್ಕೆ ಸುದ್ದಿ ಮಾಡಬೇಡ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಪಕ್ಕದ ಹೆಂಗಸು ಕಿಟಕಿಯ ಸೀಟು ಬಿಟ್ಟುಕೊಟ್ಟರು.

ನಿನ್ನ ಮಗಳು

ಜುಲೈ 15

ಮಗಳೇ,

ನಾನು ಇಣುಕಲಿಲ್ಲ. ಇಣುಕಬೇಕು ಅನ್ನಿಸಿತ್ತು, ನರ್ಸಮ್ಮ ತೋಳು ಹಿಡಿದುಕೊಂಡಿದ್ದರು.

ಈಗ ಗುರುಗಳು ಬೀದಿಗೆ ಇಳಿಯುತ್ತಾರೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗೋಡೆಯ ಮೇಲೆ. ನಿನ್ನೆ ಮೊದಲ ಸಲ ದೂರ ನಡೆದರು. ಕನ್ನಡಕದ ಅಂಗಡಿಯವನು ಹೆಂಡತಿ ತೀರಿಕೊಂಡ ಮೇಲೆ ಪಾಠಕ್ಕೂ ಬರುತ್ತಿರಲಿಲ್ಲ, ಅಂಗಡಿಯ ಬಾಗಿಲನ್ನೂ ತೆರೆದಿರಲಿಲ್ಲ. ಗುರುಗಳು ಕಾಲಿಲ್ಲದೆ ಕೂತಿದ್ದ ಕಾಲದಲ್ಲೇ ಆದದ್ದು ಇದು. ಅವರು ಪೀಠದ ಕಡೆ ಕೈ ಚಾಚಿ ‘ಕೊಡ್ರಪ್ಪಾ’ ಅಂದದ್ದು ಅವನ ಮನೆಗೆ ಹೋಗುವುದಕ್ಕೆ ಎಂದು ನನಗೆ ನಿನ್ನೆ ಗೊತ್ತಾಯಿತು. ನಾವು ಕಾಲಿಗೆ ಹೂವೇರಿಸುತ್ತಿದ್ದಾಗ ಆ ಮನುಷ್ಯ ಕತ್ತಲೆಯ ಮನೆಯಲ್ಲಿ ಒಬ್ಬನೇ ಕೂತಿದ್ದ.

ನಾನು ಹಿಂದೆ ಹಿಂದೆ ಹೋದೆ. ಅರ್ಧ ದಾರಿಯಲ್ಲಿ ಗುರುಗಳು ನಿಂತು ಬೆವರು ಒರೆಸಿಕೊಂಡರು. ಕೈ ಕೊಡಲು ಹೋದೆ, ಬೇಡ ಎಂದು ತಲೆಯಾಡಿಸಿದರು. ಅವನು ಬಾಗಿಲು ತೆರೆದು ಇವರನ್ನು ನೋಡಿ ‘ಏನೂ ಹೇಳ್ಬೇಡಿ ಗುರುಗಳೇ’ ಅಂದ. ಇವರು ಏನೂ ಹೇಳಲಿಲ್ಲ. ಒಳಗೆ ಹೋಗಿ ಕೂತರು. ನಾನು ಹೊರಗೆ ಜಗಲಿಯ ಮೇಲೆ ಕೂತು, ನೀನು ಬರೆದ ಕಾಗದವನ್ನು ಮನಸ್ಸಿನಲ್ಲೇ ಓದಿಕೊಂಡೆ. ಒಳಗೆ ಅವನು ಅಳುವುದು ಕೇಳಿಸಿತು. ಬಹಳ ಹೊತ್ತು ಅತ್ತ.

ಇವತ್ತು ಅಂಗಡಿ ಅರ್ಧ ತೆರೆದಿದೆ. ಪಾಠಕ್ಕೆ ಇನ್ನೂ ಬಂದಿಲ್ಲ.

ಅಪ್ಪ

ಅಕ್ಟೋಬರ್ 18

ಮಗಳೇ,

ಫೋನಿನಲ್ಲಿ ಸುದ್ದಿ ಹೇಳಿ ಇಟ್ಟುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಅದಕ್ಕಿಂತ ಹೆಚ್ಚು ಮಾತು ಹೊರಡುತ್ತಿರಲಿಲ್ಲ.

ಗುರುಗಳಿಗೆ ಜ್ವರ ಬಂದದ್ದು ನೆಪ ಅಷ್ಟೇ. ಹಾಸಿಗೆ ಹಿಡಿದ ಮೇಲೂ ಪಾಠ ಮಾಡಿದರು. ಕೊನೆಯ ಬೆಳಗ್ಗೆ ಅವರು ಒಂದು ಸಲ ಹೇಳುವುದೇ ನಮಗೆ ಕೇಳಿಸಲಿಲ್ಲ. ಗೊತ್ತಿದ್ದದ್ದನ್ನು ನಾವೇ ಎರಡು ಸಲ ಹೇಳಿದೆವು. ತಲೆಯಾಡಿಸಿದರು. ಅದೇ ಕೊನೆ. ಮುಂದೆ ಗುರಿ, ಹಿಂದೆ ಗುರು ಅನ್ನುತ್ತಾರೆ. ಈಗ ನಾನು ಹಿಂದೆ ತಿರುಗಿದರೆ ಖಾಲಿ ಮೆಟ್ಟಿಲು ಕಾಣುತ್ತದೆ. ಅಪ್ಪ ಸತ್ತಾಗಲೂ ನಾನು ಇಷ್ಟು ಅನಾಥನಾಗಿರಲಿಲ್ಲ.

ಅದಕ್ಕೂ ಹಿಂದಿನ ದಿನ ನನ್ನನ್ನು ಹತ್ತಿರ ಕರೆದು, ‘ಕಾಲು ಮಗಳಿಗೆ ವಾಪಸ್ ಕಳಿಸು. ಯಾರಿಗಾದ್ರೂ ಆಗುತ್ತೆ’ ಅಂದಿದ್ದರು. ಅಲ್ಲಿದ್ದವನು ನಾನೊಬ್ಬನೇ.

ಈ ಮಾತು ಹೇಳಿದಾಗ ಯಾರೂ ಒಪ್ಪಲಿಲ್ಲ. ಗುರುಗಳ ಗುರುಗಳ ಪಾದುಕೆ ಇದೆ, ಇವರದ್ದೆಂದು ನಮಗೆ ಉಳಿದಿರುವುದು ಇದೊಂದೇ, ಮುಂದೆ ಬರುವವರು ಯಾವುದಕ್ಕೆ ತಲೆ ಬಾಗಬೇಕು ಎಂದು ಮೈಕಾಸುರ ಅತ್ತ. ದನಿ ಏರಿಸದೆ ಅತ್ತ. ನನಗೂ ಅದೇ ಅನ್ನಿಸುತ್ತಿತ್ತು, ಮಗಳೇ. ಗುರುಗಳ ಮಾತು ಮೀರುವುದು ಹೇಗೆ, ಗುರುಗಳ ಪಾದ ಬಿಡುವುದು ಹೇಗೆ? ಕೆಲವು ದಿನ ಅದನ್ನು ಮನೆಗೆ ತಂದು ಹೊಲಿಗೆ ಯಂತ್ರದ ಪಕ್ಕದಲ್ಲಿ ಇಟ್ಟುಕೊಂಡೆ. ಕೆಲಸ ಮಾಡುತ್ತ ಮಾಡುತ್ತ ಮುಟ್ಟಿ ನೋಡುತ್ತಿದ್ದೆ. ಹಿಮ್ಮಡಿ ಒಂದು ಬದಿಗೆ ಸವೆದಿದೆ. ಅವರು ಎಷ್ಟು ಮನೆಗಳಿಗೆ ಹೋಗಿರಬಹುದು ಎಂದು ಯೋಚಿಸಿದೆ. ಹೊಸದಾಗಿ ಪೀಠದ ಮೇಲಿದ್ದಾಗ ಅದು ನನಗೆ ಪವಿತ್ರವಾಗಿ ಕಂಡಿತ್ತು. ಸವೆದ ಮೇಲೆ ನೋಡಿದರೆ ಎದೆ ಒಡೆಯುತ್ತದೆ.

ಇವತ್ತು ಬೆಳಗ್ಗೆ ಪಾಠದ ಕೋಣೆಗೆ ತೆಗೆದುಕೊಂಡು ಹೋಗಿ ಎಲ್ಲರ ಎದುರಿಗೆ ಪೆಟ್ಟಿಗೆಯಲ್ಲಿಟ್ಟೆ. ಯಾರೂ ತಡೆಯಲಿಲ್ಲ. ಮೈಕಾಸುರನೇ ಹಗ್ಗ ಬಿಗಿದ.

ಯಾರಿಗೆ ಹಾಕುತ್ತೀಯ ಎಂದು ಮಾತ್ರ ತಿಳಿಸು. ನನಗಿರುವುದು ಇದೊಂದೇ ಬೇಡಿಕೆ. ಅದು ಯಾವ ಮನೆಯಲ್ಲಿದೆ ಎಂದು ಗೊತ್ತಿದ್ದರೆ ಆ ದಿಕ್ಕಿಗೆ ಕೈ ಮುಗಿದಾದರೂ ಬದುಕಬಹುದು.

ನಿನ್ನ ಅಪ್ಪ

ನವೆಂಬರ್ 20

ಅಪ್ಪಾ,

ಮೇಲಿನ ಬಟ್ಟಲು ಅವರ ಕಾಲಿನ ಅಚ್ಚು, ಇನ್ನೊಬ್ಬರಿಗೆ ಆಗುವುದಿಲ್ಲ. ಕೊಳವೆ, ಪಾದ ಎರಡೂ ಚೆನ್ನಾಗಿದ್ದವು. ಹಿಮ್ಮಡಿಗೆ ಹೊಸ ತಳ ಹಾಕಿದೆ. ಬಲಗಾಲು ಬೇಕಿದ್ದ ಒಬ್ಬರಿಗೆ ಹೋದ ವಾರ ಜೋಡಿಸಿದ್ದಾಯಿತು.

ಯಾರೆಂದು ಹೇಳುವುದಿಲ್ಲ. ಹೇಳಿದರೆ ಸೋಮವಾರ ಬೆಳಗ್ಗೆ ನೀವೆಲ್ಲ ಹೂವಿನ ಬುಟ್ಟಿ ಹಿಡಿದು ಆ ಮನೆಯ ಮುಂದೆ ನಿಂತಿರುತ್ತೀರಿ. ಮೈಕಾಸುರ ಬೀದಿಗೆಲ್ಲ ಕೇಳಿಸುವ ಹಾಗೆ ಶುರು ಮಾಡುತ್ತಾರೆ. ಆ ಮನುಷ್ಯರಿಗೆ ಮನೆಯಿಂದ ಹೊರಗೆ ಕಾಲಿಡುವುದಕ್ಕೇ ಭಯವಾಗುತ್ತದೆ. ಅವರಿಗೆ ಬೇಕಾಗಿರುವುದು ನಡೆಯುವುದಕ್ಕೆ ಒಂದು ಕಾಲು, ಅಷ್ಟೇ. ಆ ಪಾದ ಯಾರದ್ದಾಗಿತ್ತು ಎಂದು ಅವರಿಗೂ ಗೊತ್ತಿಲ್ಲ.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಹೇಳುವುದಿಲ್ಲ ಎಂದು ಬರೆದು ಸುಮ್ಮನಾಗಲು ಮನಸ್ಸು ಬರುತ್ತಿಲ್ಲ. ನೀನು ಇಲ್ಲಿಗೆ ಬಾ. ನಾನು ಕೆಲಸಕ್ಕೆ ಸೇರಿದ ಮೇಲೆ ಒಂದು ಸಲವೂ ಬಂದಿಲ್ಲ ನೀನು. ನನ್ನ ಕೋಣೆಯ ಹೊರಗೆ ಒಂದು ಬೆಂಚಿದೆ. ಕಾಲು ಹೇಗೆ ಕೂತಿದೆ ಎಂದು ತೋರಿಸಲು ಗುರುವಾರ ಎಲ್ಲರೂ ಬರುತ್ತಾರೆ. ಅವರೂ ಬರುತ್ತಾರೆ. ನಾನು ಕಣ್ಣಸನ್ನೆಯನ್ನೂ ಮಾಡುವುದಿಲ್ಲ. ಬೇಕಾದರೆ ಬಂದು ಕೂತುಕೋ.

ನಿನ್ನ ಮಗಳು

ಡಿಸೆಂಬರ್ 6

ಮಗಳೇ,

ಬಂದು ಸೇರಿದೆ. ನೀನು ಕಟ್ಟಿಕೊಟ್ಟ ಊಟ ಅರ್ಧ ತಿಂದೆ, ಅರ್ಧ ಪಕ್ಕದ ಸೀಟಿನವರಿಗೆ ಕೊಟ್ಟೆ.

ಗುರುವಾರ ನಿನ್ನ ಬೆಂಚಿನ ಮೇಲೆ ಕೂತಾಗ ನನ್ನ ಕಣ್ಣು ಎಲ್ಲರ ಬಲಗಾಲಿನ ಮೇಲೇ ಇತ್ತು, ಸುಳ್ಳು ಯಾಕೆ ಹೇಳಲಿ. ಲಾರಿ ಓಡಿಸುವವನೊಬ್ಬ ಬಂದ. ಬೂಟು ಹಾಕಿದ್ದ, ಕಾಣಲಿಲ್ಲ. ಇವನೇ ಇದ್ದರೂ ಇರಬಹುದು ಎಂದು ಎದ್ದು ನಿಂತೆ. ಆಮೇಲೆ ಶಾಲೆಯ ಮೇಡಂ ಒಬ್ಬರು, ನೆಲದವರೆಗೆ ಸೀರೆ. ಇವರೂ ಇರಬಹುದಲ್ಲ ಎಂದು ಅವರಿಗೂ ಎದ್ದೆ. ಒಬ್ಬ ಸಿಟ್ಟಿನ ಮುದುಕ ಬಂದು ‘ನಂಗ್ಯಾಕೆ ಜಾಗ ಬಿಡ್ತೀರಿ, ನಾನೇನು ಬೀಳ್ತೀನಾ?’ ಎಂದು ರೇಗಿದ. ಇವನಂತೂ ಆಗಿರಲಾರ ಅನ್ನಿಸಿತು. ಹಾಗಂದುಕೊಂಡದ್ದಕ್ಕೆ ನನಗೇ ನಾಚಿಕೆಯಾಯಿತು. ಅವನು ಹೊರಗೆ ಬಂದಾಗ ಮತ್ತೆ ಎದ್ದೆ.

ಬೆಳಗ್ಗೆಯಿಂದ ಬಂದವರಿಗೆಲ್ಲ ಹೀಗೆ ಏಳುತ್ತ ಕೂರುತ್ತ ಇದ್ದೆ. ಒಬ್ಬರಾದ ಮೇಲೆ ಒಬ್ಬರು, ಕೆಲವರು ಹೊಸ ಕಾಲಿನಲ್ಲಿ ನಗುತ್ತ, ಕೆಲವರು ಗೋಡೆ ಹಿಡಿದು ಹಲ್ಲು ಕಚ್ಚಿಕೊಂಡು. ಮಧ್ಯಾಹ್ನದ ಹೊತ್ತಿಗೆ ನಾನು ಕಾಲು ನೋಡುವುದನ್ನು ಬಿಟ್ಟಿದ್ದೆ. ಅವರಲ್ಲಿ ಯಾರೆಂದು ನನಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕು ಅಂತಲೂ ಅನ್ನಿಸಲಿಲ್ಲ. ಗುರುಗಳು ಹೋದ ಮೇಲೆ ಮೊದಲ ಸಲ ಎದೆ ಹಗುರವಾಯಿತು.

ಎಲ್ಲರೂ ಹೋದ ಮೇಲೆ ಕೊನೆಗೆ ನೀನು ಬಂದೆ. ಏಪ್ರನ್ ತುಂಬ ಬಿಳಿ ಪ್ಲಾಸ್ಟರ್ ಪುಡಿ, ಮಂಡಿಯ ಹತ್ತಿರ ಬಟ್ಟೆ ಸವೆದು ತೆಳ್ಳಗಾಗಿತ್ತು. ನಾನು ಎದ್ದು ನಿಂತೆ. ‘ಯಾಕಪ್ಪಾ, ಹೊರಟ್ಯಾ? ಬಸ್ಸಿಗೆ ಇನ್ನೂ ಟೈಮಿದೆ’ ಅಂದೆ ನೀನು. ನಾನು ಹೂಂ ಅಂದುಬಿಟ್ಟೆ.

ಬಸ್ಸಿಗೆಂದು ಎದ್ದದ್ದಲ್ಲ ಮಗಳೇ.

ನಿನ್ನ
ಅಪ್ಪ